ಹರಾಜಿಗೆ ಬರೋದು ಕರು, ಕಾವಲಲ್ಲ

ನಮ್ಮ ಕಾಲೇಜಲ್ಲಿ ಹರಾಜು ಅಂದ್ರೆ ಐಪಿಎಲ್ ಹರಾಜು. ಯಾರು ಎಷ್ಟು ಕೋಟಿಗೆ ಹೋದ, ಯಾರು ಅನ್‌ಸೋಲ್ಡ್ ಆದ ಅಂತ ಲ್ಯಾಬ್ ರೆಕಾರ್ಡ್ ಬರೀತಾ ಬರೀತಾ ಗಂಟೆಗಟ್ಟಲೆ ಚರ್ಚೆ ಮಾಡ್ತೀವಿ. ಆದರೆ ಭದ್ರಾವತಿಯಿಂದ ಎರಡು ಬಸ್ಸಿನ ದೂರದಲ್ಲಿ ಇನ್ನೊಂದು ಹರಾಜು ನಡೆಯುತ್ತೆ. ತರೀಕೆರೆಗೆ ಒಂದು ಬಸ್ಸು, ಅಲ್ಲಿಂದ ಅಜ್ಜಂಪುರಕ್ಕೆ ಇನ್ನೊಂದು. ಅಲ್ಲಿರೋ ಪಶುಪಾಲನಾ ಇಲಾಖೆಯ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ತಳಿಗೆ ಬೇಕಾದ ಹೋರಿಗಳನ್ನು ಉಳಿಸಿಕೊಂಡು, ಮಿಕ್ಕ ಹೋರಿಕರುಗಳನ್ನು ವರ್ಷಕ್ಕೊಮ್ಮೆ ರೈತರಿಗೆ ಹರಾಜು ಹಾಕ್ತಾರೆ. ಹಾವೇರಿ, ದಾವಣಗೆರೆ, ಚಿತ್ರದುರ್ಗ, ನಮ್ಮ ಶಿಕಾರಿಪುರ, ಸೊರಬ ಎಲ್ಲ ಕಡೆಯಿಂದ ಜನ ಬರ್ತಾರೆ. ಒಳ್ಳೆ ಜೋಡಿಯ ಬೆಲೆ ಲಕ್ಷ ದಾಟೋದು ಅಲ್ಲಿ ಸುದ್ದಿಯೇ ಅಲ್ಲ.

ನನಗೆ ಈ ಹರಾಜು ಗೊತ್ತಾಗಿದ್ದು ಶಿಕಾರಿಪುರ ಕಡೆಯ ಸೋದರಮಾವನಿಂದ. ಕಾಗದನಗರದ ನಮ್ಮ ಮನೆಗೆ ಹಿಂದಿನ ರಾತ್ರಿಯೇ ಬಂದು ಇಳಿದುಕೊಂಡಿದ್ದರು. ಅಂಗಿಯ ಒಳಜೇಬಿನಲ್ಲಿ ದುಡ್ಡು, ಅದರ ಮೇಲೆ ಸೇಫ್ಟಿ ಪಿನ್ನು. ಅಡಿಕೆ ಮಾರಿದ ಹಣದಲ್ಲಿ ಅತ್ತೆಗೆ ಗೊತ್ತಿದ್ದದ್ದು ಒಂದು ಪಾಲು, ಗೊತ್ತಿಲ್ಲದ್ದು ಇನ್ನೊಂದು ಪಾಲು. "ನೀನೂ ಬಾರೋ ಇಂಜಿನಿಯರ್ರು, ಲೆಕ್ಕ ಹಾಕೋಕೆ ಒಬ್ರು ಬೇಕು" ಅಂದರು. ಥರ್ಡ್ ಸೆಮ್ ಮುಗಿದು ರಜೆ ಇತ್ತು, ಹೊರಟೆ.

ಹರಾಜಿಗೆ ಮುಂಚೆ ಠೇವಣಿ ಕಟ್ಟಿ ಹೆಸರು ಬರೆಸಬೇಕು. ಆಮೇಲೆ ಕರು ನೋಡೋದು. ಈ ಕರುಗಳು ನಮ್ಮನೆ ಕೊಟ್ಟಿಗೆಯ ಕರುಗಳ ಹಾಗಲ್ಲ. ತಾಯಿಯ ಜೊತೆ ಬಯಲಲ್ಲಿ ಮೇಯ್ದು ಬೆಳೆದವು, ಮನುಷ್ಯರ ಕೈ ಅಷ್ಟಾಗಿ ತಾಕಿರೋದಿಲ್ಲ. ಹತ್ತಿರ ಹೋದರೆ ಇಡೀ ಗುಂಪು ಒಟ್ಟಿಗೇ ತಲೆ ಎತ್ತುತ್ತೆ. ಬೂದು ಮೈ, ಉದ್ದ ಮುಖ, ಹಿಂದಕ್ಕೆ ಬಾಗಿ ಮೇಲೇರಿ ಚೂಪಾಗೋ ಕೊಂಬು. ಅಮೃತಮಹಲ್ ಅಂತ ಹೇಳಿಕೊಡೋದೇ ಬೇಡ, ದೂರದಿಂದಲೇ ಗುರುತು ಸಿಗುತ್ತೆ.

ಮಾವ ಅಂದರು, "ಕೊಂಬು ನೋಡಿ ಮರುಳಾಗಬೇಡ್ವೋ. ಮೊದ್ಲು ಕಾಲು ನೋಡು, ಗೊರಸು ನೋಡು. ಓಡೋದು ಕೊಂಬಲ್ಲ."

ಅವರ ಪರೀಕ್ಷೆಗೆ ಒಂದು ಸಿಲಬಸ್ ಇತ್ತು. ಗೊರಸು ಚಿಕ್ಕದಾಗಿ ಗಟ್ಟಿಯಾಗಿರಬೇಕು, ಬೆನ್ನು ಇಳಿಬಿದ್ದಿರಬಾರದು, ಬಾಲ ಸಣ್ಣಗಿರಬೇಕು, ಸುಳಿ ಸರಿಯಾದ ಜಾಗದಲ್ಲಿರಬೇಕು. ಸುಳಿಯನ್ನು ನಾನು ನಂಬಲ್ಲ, ಆದರೆ ಅಲ್ಲಿ ನಂಬದೇ ಇದ್ದದ್ದು ನಾನೊಬ್ಬನೇ. ಎಲ್ಲಕ್ಕಿಂತ ಮುಖ್ಯ ಜೋಡಿ. ಎರಡು ಕರು ಎತ್ತರದಲ್ಲಿ, ಬಣ್ಣದಲ್ಲಿ, ಕೊಂಬಿನ ತಿರುವಲ್ಲಿ, ನಡಿಗೆಯಲ್ಲಿ ಹೊಂದಬೇಕು. ಹೊಂದಿದರೆ ಜೋಡಿಯ ಬೆಲೆ ಎರಡು ಬಿಡಿ ಕರುಗಳ ಮೊತ್ತಕ್ಕಿಂತ ಎಷ್ಟೋ ಮೇಲೆ ಹೋಗುತ್ತೆ. ಒಂದಕ್ಕೊಂದು ಕೂಡಿದರೆ ಎರಡಕ್ಕಿಂತ ಜಾಸ್ತಿ ಆಗೋದನ್ನ ನಾನು ಮೊದಲು ನೋಡಿದ್ದು ಅಲ್ಲೇ.

ಇದೇ ಕೆಲಸವನ್ನು ಅಮೆರಿಕದಲ್ಲಿ ಬೇರೆ ರೀತಿ ಮಾಡ್ತಾರೆ. ಅಲ್ಲಿ ಆಂಗಸ್ ಅನ್ನೋ ತಳಿ ಇದೆ. ಮೂಲ ಸ್ಕಾಟ್ಲೆಂಡ್, ಬಣ್ಣ ಕಪ್ಪು, ಕೊಂಬೇ ಇಲ್ಲ, ಸಾಕೋದು ಮಾಂಸಕ್ಕೆ. 1873ರಲ್ಲಿ ಜಾರ್ಜ್ ಗ್ರಾಂಟ್ ಅನ್ನೋರು 4 ಹೋರಿಗಳನ್ನು ಕಾನ್ಸಾಸ್‌ಗೆ ತಗೊಂಡು ಹೋದರು, 1883ರಲ್ಲಿ ಅಲ್ಲಿ ತಳಿಯ ಸಂಘ ಶುರುವಾಯ್ತು. ಈಗ ಅಪ್ಪ-ಮಕ್ಕಳು, ಅಣ್ಣ-ತಮ್ಮಂದಿರು ನಡೆಸೋ ಎಷ್ಟೋ ರಾಂಚುಗಳು ವರ್ಷಕ್ಕೊಂದು ದಿನ ತಮ್ಮ ಹೋರಿಗಳನ್ನು ಹರಾಜು ಹಾಕ್ತವೆ. ಮುಂಚೆಯೇ ಕ್ಯಾಟಲಾಗ್ ಅಚ್ಚಾಗುತ್ತೆ. ಅದರಲ್ಲಿ ಪ್ರತಿ ಹೋರಿಯ ವಂಶಾವಳಿ, ಜೊತೆಗೆ ಇಪಿಡಿ ಅನ್ನೋ ಅಂಕಿಗಳು. ಈ ಹೋರಿಗೆ ಹುಟ್ಟೋ ಕರು ಹುಟ್ಟುವಾಗ ಎಷ್ಟು ತೂಗಬಹುದು, ಹಾಲು ಬಿಡೋ ಹೊತ್ತಿಗೆ ಎಷ್ಟು ತೂಗಬಹುದು ಅಂತ ಸಾವಿರಾರು ಪ್ರಾಣಿಗಳ ದಾಖಲೆಯಿಂದ ಅಂದಾಜು ಕಟ್ಟಿರ್ತಾರೆ. ನಮ್ಮ ಮೆಷಿನ್ ಲರ್ನಿಂಗ್ ಗೆಳೆಯರಿಗೆ ಹಬ್ಬ.

ಮಾವನಿಗೆ ಇದನ್ನು ವಿವರಿಸಿದೆ. ಸ್ವಲ್ಪ ಯೋಚನೆ ಮಾಡಿ, "ಅದು ಸರಿ ಕಣೋ. ಅವರು ಕರುವಿನ ತೂಕ ಮಾರ್ತಾರೆ, ತೂಕಕ್ಕೆ ಅಂಕಿ ಇದೆ. ನಂಗೆ ಬೇಕಿರೋದು ಧೈರ್ಯ. ಅದಕ್ಕೆ ಎಷ್ಟು ಅಂತ ಹಾಕ್ತಾರೆ?" ಅಂದರು.

ಧೈರ್ಯ ಅಂದದ್ದು ಹೋರಿ ಹಬ್ಬದ ಲೆಕ್ಕದಲ್ಲಿ. ದೀಪಾವಳಿ ಆದಮೇಲೆ ಹಾವೇರಿ, ಶಿಕಾರಿಪುರ, ಸೊರಬದ ಊರುಗಳಲ್ಲಿ ಕೊಬ್ಬರಿ ಹಾರ, ಬಲೂನು ಕಟ್ಟಿದ ಹೋರಿಗಳು ಜನರ ನಡುವೆ ಓಡ್ತವೆ. ಕೊಬ್ಬರಿ ಕಿತ್ತವನು ಗೆದ್ದ, ಯಾರ ಕೈಗೂ ಸಿಗದೆ ಓಡಿದರೆ ಹೋರಿ ಗೆದ್ದಿತು. ಅಪಾಯದ ಆಟವೇ, ಪೆಟ್ಟು ತಿಂದವರು, ಪ್ರಾಣ ಕಳಕೊಂಡವರೂ ಇದ್ದಾರೆ. ಟ್ರ್ಯಾಕ್ಟರ್ ಬಂದ ಮೇಲೆ ಉಳುಮೆಗೆ ಎತ್ತು ಕಟ್ಟೋರು ಕಡಿಮೆ ಆದರು. ಅಮೃತಮಹಲ್ ಹೋರಿಗೆ ಇವತ್ತು ಇಷ್ಟು ಬೆಲೆ ಬರೋದಕ್ಕೆ ಈ ಹಬ್ಬವೂ ದೊಡ್ಡ ಕಾರಣ.

ಈ ತಳಿ ಮಾಡಿದ್ದು ಮಾತ್ರ ಹಬ್ಬಕ್ಕಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಗೆ ಹಾಲು-ಬೆಣ್ಣೆ ಒದಗಿಸೋಕೆ 'ಬೆಣ್ಣೆ ಚಾವಡಿ' ಅಂತ ಒಂದು ಇಲಾಖೆ ಇತ್ತು. ಹೈದರಾಲಿ ಅದೇ ದನಗಳನ್ನು ಫಿರಂಗಿ, ಸಾಮಾನು ಎಳೆಯೋಕೆ ಹಚ್ಚಿದ. ಟಿಪ್ಪು ಇಲಾಖೆಗೆ 'ಅಮೃತಮಹಲ್' ಅಂತ ಹೆಸರಿಟ್ಟ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳು ಸೇರಿ ಆದ ತಳಿ ಇದು. ಹೆಸರಲ್ಲಿ ಅಮೃತ ಇದ್ದರೂ ಹಾಲು ಕಮ್ಮಿ. ಇದರ ಶಕ್ತಿಯೆಲ್ಲ ಕಾಲಲ್ಲಿ. 1799ರ ನಂತರ ಕಂಪನಿಯವರೂ ಇದನ್ನು ಸೈನ್ಯಕ್ಕೆ ಅಂತಲೇ ಇಟ್ಟುಕೊಂಡರು. 1860ರಲ್ಲಿ ಖರ್ಚು ಉಳಿಸೋಕೆ ಹಿಂಡನ್ನೇ ಮಾರಿಬಿಟ್ಟರು, ಒಂದಷ್ಟು ದನ ಈಜಿಪ್ಟ್‌ವರೆಗೂ ಹೋದವು. ಕೆಲವೇ ವರ್ಷದಲ್ಲಿ ಮತ್ತೆ ಹಿಂಡು ಕಟ್ಟಬೇಕಾಯ್ತು. ಕಟ್ಟೋಕೆ ಆಯ್ತು ಕೂಡ, ಯಾಕಂದ್ರೆ ಮೇಯೋ ಕಾವಲು ಇನ್ನೂ ಅಲ್ಲೇ ಇತ್ತು.

ಕಾವಲು ಅಂದ್ರೆ ಈ ದನಗಳಿಗೆ ಅಂತಲೇ ಬಿಟ್ಟ ಹುಲ್ಲುಗಾವಲು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಅಂತ ವಿಂಗಡಣೆ. ಬೇಸಿಗೆ ಕಾವಲಲ್ಲಿ ಕೆರೆ ನೀರು, ಮರದ ನೆರಳು ಇರಬೇಕು. ಹಿಂಡು ಋತು ನೋಡಿ ನಡೆದುಕೊಂಡೇ ಜಾಗ ಬದಲಾಯಿಸುತ್ತಿತ್ತು. ಆ ನಡಿಗೆಯೇ ಕಾಲನ್ನು, ಗೊರಸನ್ನು ಗಟ್ಟಿ ಮಾಡಿದ್ದು. ಹಳೇ ಮೈಸೂರಲ್ಲಿ ಇಂಥ ಕಾವಲು 4 ಲಕ್ಷ ಎಕರೆಗೂ ಹೆಚ್ಚಿತ್ತು. ಈಗ ಉಳಿದಿರೋದು ಅದರ ಸಣ್ಣ ಪಾಲು. ಮಿಕ್ಕದ್ದು ಹೊಲ, ಊರು, ನೆಡುತೋಪು, ಕಟ್ಟಡಗಳಾಗಿ ಹೋಗಿದೆ. ಹೋದದ್ದು ದನದ ಮೇವು ಮಾತ್ರ ಅಲ್ಲ. ಕಡೂರು ಹತ್ತಿರದ ಬಾಸೂರು ಕಾವಲಿಗೆ ಹೋದವರಿಗೆ ಗೊತ್ತು, ಅಲ್ಲಿ ಇವತ್ತಿಗೂ ಕೃಷ್ಣಮೃಗ ಇವೆ. ಅದಕ್ಕೇ ಅದನ್ನು ಸಂರಕ್ಷಿತ ಪ್ರದೇಶ ಮಾಡಿದ್ದು.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಚಳ್ಳಕೆರೆ ಅಂದ ಕೂಡಲೇ ನಮಗೆ ನೆನಪಾಗೋದು ಡಿಆರ್‌ಡಿಒ ಪರೀಕ್ಷಾ ವಲಯ, ಐಐಎಸ್‌ಸಿ ಎರಡನೇ ಕ್ಯಾಂಪಸ್, ಇಸ್ರೋ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯಿರೋ ವಾಹನ ತಾನಾಗಿಯೇ ರನ್‌ವೇಗೆ ಇಳಿದದ್ದು ಅಲ್ಲೇ. ಆ ವಿಡಿಯೋವನ್ನು ಹತ್ತು ಸಲ ನೋಡಿದ್ದೀನಿ, ಪ್ರತಿ ಸಲವೂ ಎದೆ ಉಬ್ಬಿದೆ. ಆ ನೆಲವೂ ಅಮೃತಮಹಲ್ ಕಾವಲೇ. ಡಿಆರ್‌ಡಿಒಗೆ 4 ಸಾವಿರ ಎಕರೆಗೂ ಹೆಚ್ಚು, ಐಐಎಸ್‌ಸಿಗೆ 1,500 ಎಕರೆ. ಸುತ್ತಲಿನ ಹಳ್ಳಿಯವರು ಕುರಿ, ದನ ಮೇಯಿಸುತ್ತಿದ್ದ ಜಾಗ. ಅವರ ವಿರೋಧ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ಈ ಕಾಲೇಜಲ್ಲಿ ಓದೋ ಯಾರಿಗಾದರೂ ಅಲ್ಲಿ ಕೆಲಸ ಸಿಕ್ಕರೆ ನಾವೆಲ್ಲ ಸ್ವೀಟ್ ಹಂಚ್ತೀವಿ. ಹಂಚಬೇಕು ಕೂಡ. ನನ್ನ ತಕರಾರು ಲ್ಯಾಬ್ ಬೇಡ ಅಂತಲ್ಲ. ಅಂಥ ಜಾಗವನ್ನು ಕಡತದಲ್ಲಿ 'ಖಾಲಿ ಜಮೀನು' ಅಂತ ಬರೆಯೋ ಅಭ್ಯಾಸ ಇದೆಯಲ್ಲ, ಅದರ ಮೇಲೆ. ಮುನ್ನೂರು ವರ್ಷ ಒಂದು ತಳಿಯನ್ನು ರೂಪಿಸಿದ ನೆಲ ಖಾಲಿ ಹೇಗಾಗುತ್ತೆ?

ಕಾಗದನಗರದಲ್ಲಿ ಬೆಳೆದವನಿಗೆ ಈ ಪ್ರಶ್ನೆ ಬೇಗ ತಟ್ಟುತ್ತೆ. ನಮ್ಮ ಊರು ಇರೋದೇ 1936ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿದ ಕಾಗದ ಕಾರ್ಖಾನೆಯಿಂದ. ಕಾರ್ಖಾನೆಗೆ ಅಂತ ಜನ ಬಂದರು, ಕ್ವಾರ್ಟರ್ಸ್ ಎದ್ದವು, ಶಾಲೆ ಬಂತು. ಯಂತ್ರ ನಿಂತ ಮೇಲೆ ಉಳಿದದ್ದು ಹೆಸರು. ಒಂದು ಕೆಲಸಕ್ಕಾಗಿ ರೂಪಗೊಂಡದ್ದು, ಆ ಕೆಲಸದ ತಳಪಾಯ ಹೋದ ಮೇಲೆ ಎಷ್ಟು ದಿನ ನಿಲ್ಲುತ್ತೆ ಅಂತ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು.

ಅವತ್ತಿನ ಹರಾಜಿಗೆ ಬರೋಣ. ಮಾವನ ಕಣ್ಣು ಬಿದ್ದಿದ್ದ ಜೋಡಿ ಬಂದಾಗ ಮೊದಲು ಹತ್ತು ಜನ ಕೂಗಿದರು, ಆಮೇಲೆ ನಾಲ್ಕು, ಕೊನೆಗೆ ಇಬ್ಬರು. ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಮಾಡ್ತಾರೆ, ಇಲ್ಲಿ ಗುಟ್ಟಿಲ್ಲ. ಎದುರಿಗಿದ್ದವರು ಹಾವೇರಿ ಕಡೆಯವರು, ವಯಸ್ಸಾದ ರೈತರು. ಅವರು ಏರಿಸಿದರು, ಮಾವ ಏರಿಸಿದರು. ಪಿನ್ನು ಹಾಕಿದ ಜೇಬಿನ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ನೋಡಿದರು. ಸಾಗಣೆ ಖರ್ಚು ಕಳೆದು ಉಳಿಯೋದು ಇಷ್ಟೇ ಅಂತ ಹೇಳಿದೆ. ಒಂದು ಸಲ, ಎರಡು ಸಲ, ಮೂರು ಸಲ. ಜೋಡಿ ಹಾವೇರಿಗೆ ಹೋಯಿತು.

ಮಾವ ಹೋಗಿ ಆ ಹಿರಿಯರ ಕೈ ಹಿಡಿದು, "ಒಳ್ಳೆ ಕರು ತಗೊಂಡ್ರಿ, ಯಜಮಾನ್ರೆ. ಬಿಸಿಲಲ್ಲಿ ಬಿಡ್ರಿ, ಸಿಮೆಂಟ್ ನೆಲದ ಮೇಲೆ ಕಟ್ಟಬೇಡ್ರಿ, ಗೊರಸು ಹಾಳಾಗ್ತದೆ" ಅಂದರು. ಅವರು, "ಬಯಲೆಲ್ಲೈತ್ರಿ ಈಗ ನಮ್ಮೂರಾಗ?" ಅಂದರು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಮುಂದಿನ ಹರಾಜಿನ ಪ್ರಕಟಣೆ ಪೇಪರಲ್ಲಿ ಬಂದಾಗ ಕ್ಲಬ್ ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ. ದುಡ್ಡು ಬೇಡ, ಟೋಪಿ, ನೀರಿನ ಬಾಟಲಿ ಸಾಕು. ಕರು ನೋಡಿದ ಮೇಲೆ ಹಾಗೇ ಬಸ್ಸು ಹತ್ತಬೇಡಿ, ಕೇಂದ್ರದ ಆಚೆ ಕಾವಲ ಕಡೆ ಒಂದಷ್ಟು ದೂರ ನಡೆದು ಬನ್ನಿ. ನಾಳೆ ನಮ್ಮಲ್ಲಿ ಯಾರೋ ಒಬ್ಬರ ಟೇಬಲ್ಲಿಗೆ ಒಂದು ಸರ್ವೆ ನಕ್ಷೆ ಬರುತ್ತೆ, ಅದರಲ್ಲಿ ಇಂಥದ್ದೇ ಒಂದು ಜಾಗಕ್ಕೆ ಏನು ಅಂತ ಬರೀಬೇಕಾಗುತ್ತೆ. ಬರೆಯೋರು ಅದನ್ನು ಒಮ್ಮೆ ನಡೆದು ನೋಡಿದ್ದರೆ ಒಳ್ಳೇದು.