ಎತ್ತೋಕೆ ಜಾಕಿ, ನಿಲ್ಸೋಕೆ ದಿಮ್ಮಿ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮೂರು ರಟ್ಟಿನ ಪೆಟ್ಟಿಗೆಗಳು ಮನೆ ಮುಂದೆ ಇಳಿದವು. ಇಳಿಸಿದ ಹುಡುಗ ಸೊಂಟ ಹಿಡಿದುಕೊಂಡೇ ಸಹಿ ಹಾಕಿಸಿಕೊಂಡು ಹೋದ. ನನ್ನಾಕೆ ಬಾಗಿಲಲ್ಲಿ ನಿಂತು, "ಏನದು?" ಅಂದಳು. "ಕಾರು ಎತ್ತೋ ಯಂತ್ರ" ಅಂದೆ. "ಎತ್ತಿ ಎಲ್ಲಿಗೆ ತಗೊಂಡು ಹೋಗ್ತೀರಿ?" ಅಂದಳು. ಎಲ್ಲಿಗೂ ಇಲ್ಲ. ಎರಡಡಿಗೆ ಸ್ವಲ್ಪ ಕಡಿಮೆ ಮೇಲಕ್ಕೆ, ಮತ್ತೆ ಅಲ್ಲಿಂದ ಕೆಳಕ್ಕೆ. ಅದಕ್ಕೆ ಕೊಟ್ಟ ದುಡ್ಡು ಒಂದೂವರೆ ಸಾವಿರ ಡಾಲರಿನ ಆಸುಪಾಸು ಎಂಬುದನ್ನು ಆ ಹೊತ್ತಿನಲ್ಲಿ ಹೇಳಲಿಲ್ಲ.

ನಾವಿರುವುದು ಡೆಟ್ರಾಯಿಟ್ ನಗರದ ಹೊರವಲಯದಲ್ಲಿ, ಮೋಟಾರು ಕಾರಿನ ತವರಿನಲ್ಲಿ. ಇಲ್ಲಿನ ಮನೆಗಳಲ್ಲಿ ದೇವರಕೋಣೆ ಇರುವುದಿಲ್ಲ, ಗ್ಯಾರೇಜು ಇದ್ದೇ ಇರುತ್ತದೆ. ಎರಡು ಕಾರು ನಿಲ್ಲಲಿ ಎಂದು ಕಟ್ಟಿದ್ದು. ಕನ್ನಡಿಗರ ಮನೆಯದಾದರೆ ಒಂದೇ ನಿಲ್ಲುತ್ತದೆ. ಉಳಿದರ್ಧದಲ್ಲಿ ಸೋನಾ ಮಸೂರಿ ಮೂಟೆ, ಊರಿಂದ ಬಂದ ಸೂಟ್‌ಕೇಸುಗಳ ಗೋಪುರ, ಹಿಮ ಎತ್ತುವ ಸಲಿಕೆ. ನಮ್ಮ ಗ್ಯಾರೇಜಿನಲ್ಲಿ ಇವುಗಳ ಜೊತೆಗೆ ಕನ್ನಡ ಕೂಟದ ರಾಜ್ಯೋತ್ಸವಕ್ಕೆಂದು ಮಾಡಿದ ಹಂಪಿಯ ಕಲ್ಲಿನ ರಥವೂ ಇತ್ತು, ಥರ್ಮೋಕೋಲಿನದು. ಕಾರೆತ್ತುವ ಯಂತ್ರಕ್ಕೆ ಜಾಗ ಮಾಡಲು ಮೊದಲು ಎತ್ತಬೇಕಾಗಿ ಬಂದದ್ದು ಆ ರಥವನ್ನು. ಎಡಗಡೆ ಚಕ್ರ ಮುರಿಯಿತು. ಅದರ ವಿಚಾರ ಕೂಟದವರಿಗೆ ಇನ್ನೂ ಗೊತ್ತಿಲ್ಲ.

ಈ ಹುಚ್ಚು ಯಾಕೆ ಹಿಡಿಯಿತು ಎಂದರೆ ಒಂದು ಬೋಲ್ಟಿನಿಂದ. ಇಲ್ಲಿ ಹದಿನೈದು ನಿಮಿಷದಲ್ಲಿ ಎಂಜಿನ್ ಆಯಿಲ್ ಬದಲಿಸಿಕೊಡುವ ಅಂಗಡಿಗಳಿವೆ. ನಾವು ಕಾರಿನಿಂದ ಇಳಿಯುವುದೂ ಬೇಡ. ಕೆಳಗೆ ಗುಂಡಿ, ಗುಂಡಿಯಲ್ಲೊಬ್ಬ ಮನುಷ್ಯ. ಮುಖ ಕಾಣುವುದಿಲ್ಲ, ಪಾತಾಳದಿಂದ ಬಂದಂತೆ ಧ್ವನಿ ಮಾತ್ರ ಕೇಳುತ್ತದೆ. ಅಂಥ ಒಂದು ಕಡೆ ಹೋಗಿ ಬಂದ ಮರುವಾರ ಗ್ಯಾರೇಜಿನ ನೆಲದ ಮೇಲೆ ದೋಸೆಯಷ್ಟಗಲ ಎಣ್ಣೆ. ಕೆಳಗೆ ಎಣ್ಣೆ ಇಳಿಸುವ ಬೋಲ್ಟಿನ ಮರೆ ಸವೆದು ಹೋಗಿತ್ತು. ಆತ ಅದನ್ನು ಅಡ್ಡಾದಿಡ್ಡಿ ತಿರುಗಿಸಿ ಬಿಗಿದಿದ್ದ. ಮಗಳು ಆಗಷ್ಟೇ ಲೈಸೆನ್ಸ್ ತೆಗೆದುಕೊಂಡಿದ್ದಳು. ಅವಳು ಓಡಿಸುವ ಕಾರು ಅದು. ಇನ್ನು ಮೇಲೆ ಆ ಕಾರಿನ ಹೊಟ್ಟೆಗೆ ನಾನೊಬ್ಬನೇ ಕೈ ಹಾಕುವುದು ಎಂದು ತೀರ್ಮಾನಿಸಿದೆ. ಕೈ ಹಾಕಬೇಕಾದರೆ ಅದರ ಕೆಳಗೆ ಹೋಗಬೇಕಲ್ಲ.

ಕಾರಿನ ಕೆಳಗೆ ಹೋಗುವುದನ್ನು ನಾನು ಮೊದಲು ನೋಡಿದ್ದು ತಿಪಟೂರಿನಲ್ಲಿ. ಅಪ್ಪ ಕೊಬ್ಬರಿ ಮಂಡಿಯಲ್ಲಿದ್ದರು. ನಮ್ಮ ಮನೆಗೆ ಬಂದದ್ದು 1978ರ ಮಾರ್ಕ್ ತ್ರೀ ಅಂಬಾಸಿಡರ್, ಎರಡನೇ ಕೈಯದ್ದು. ಆ ಕಾರಿಗೆ ಹಸುವಿಗೆ ಹಿಂಡಿ ಹಾಕಿದ ಹಾಗೆ ಗ್ರೀಸ್ ಹಾಕುತ್ತಲೇ ಇರಬೇಕಿತ್ತು. ಮುಂಗಾಲುಗಳ ಕೀಲು ಕೀಲಿಗೂ ಒಂದೊಂದು ಮೊಲೆ. ಅದಕ್ಕೆ ಗ್ರೀಸ್ ಗನ್ ಕಚ್ಚಿಸಿ ಒತ್ತಿದರೆ ಹಳೆಯದು ಕಪ್ಪಗೆ ಹೊರಗೆ ಬರುತ್ತಿತ್ತು. ಮೇಸ್ತ್ರಿ ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಒತ್ತಿ ಮೂತಿ ಎತ್ತುತ್ತಿದ್ದರು. ಆಮೇಲೆ ತೆಂಗಿನ ಮರದ ಎರಡು ತುಂಡು ದಿಮ್ಮಿಗಳನ್ನು ಒದ್ದು ಒದ್ದು ಕೆಳಗೆ ಸೇರಿಸುವರು. ದಿಮ್ಮಿ ಕೂತ ಮೇಲೆ ಜಾಕಿಯನ್ನು ಒಂದು ಗೆಣ್ಣು ಸಡಿಲ ಬಿಡುವರು. ಕಾರು ಒಮ್ಮೆ ಉಸಿರು ಬಿಟ್ಟು ದಿಮ್ಮಿಯ ಮೇಲೆ ಕೂರುತ್ತಿತ್ತು. ಗೋಣಿಚೀಲ ಹಾಸಿ ಅಂಗಾತ ಮಲಗಿ ಅವರು ಒಳಗೆ ಸರಿಯುತ್ತಿದ್ದದ್ದು ಆಮೇಲೆಯೇ. ಹೊರಗೆ ಉಳಿಯುತ್ತಿದ್ದದ್ದು ಎರಡು ಪಾದ. ಆ ಪಾದಗಳ ಹತ್ತಿರ ಕೂತು ಸ್ಪ್ಯಾನರ್ ನಂಬರು ಕೇಳಿದಾಗ ಕೊಡುವುದು ನನ್ನ ಕೆಲಸ. ಜಾಕಿಯೇ ಇದೆಯಲ್ಲ, ದಿಮ್ಮಿ ಯಾಕೆ ಎಂದು ಒಮ್ಮೆ ಕೇಳಿದ್ದೆ. ಒಳಗಿನಿಂದ ಉತ್ತರ ಬಂತು: "ಜಾಕಿ ಇರೋದು ಎತ್ತೋಕೆ ಕಣಪ್ಪ. ನಿಲ್ಸೋಕೆ ದಿಮ್ಮಿ. ಎಣ್ಣೆನ ನಂಬ್ಕೊಂಡು ಯಾರಾದ್ರೂ ಮಲಗ್ತಾರಾ?" ಎಪ್ಪತ್ತು ದಾಟಿದ ಮೇಲೂ ಅವರ ಕೈಯಲ್ಲಿ ಹತ್ತು ಬೆರಳೂ ಇದ್ದವು. ಆ ಕಾಲದ ಮೇಸ್ತ್ರಿಗಳಲ್ಲಿ ಇದು ಸಾಮಾನ್ಯ ಸಂಗತಿಯಲ್ಲ.

ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ, ಅಂಬಾಸಿಡರ್ 'ವಾಟರ್ ಸರ್ವಿಸ್'ಗೆ ಹೋಗುತ್ತಿತ್ತು. ಪೆಟ್ರೋಲ್ ಬಂಕಿನ ಪಕ್ಕದಲ್ಲಿ ನೆಲದೊಳಗಿಂದ ಒಂದೇ ಒಂದು ಉಕ್ಕಿನ ಕಂಬ ಮೇಲೇಳುವುದು. ಕಂಬದ ತಲೆಯ ಮೇಲೆ ಕಾರು. ದೇವಸ್ಥಾನದ ಗರುಡಗಂಬದ ಮೇಲೆ ಅಂಬಾಸಿಡರ್ ಕೂತ ಹಾಗೆ. ಹುಡುಗನೊಬ್ಬ ಒಂದೇ ಕೈಯಲ್ಲಿ ದೂಡಿದರೆ ಒಂದು ಟನ್ನಿಗೂ ಮಿಕ್ಕಿದ ಆ ಗಾಡಿ ಗರಗರ ತಿರುಗುತ್ತಿತ್ತು. ನನಗೆ ಅದು ಜಾತ್ರೆಯ ತೊಟ್ಟಿಲಿಗಿಂತ ದೊಡ್ಡ ಸೋಜಿಗ.

ಆ ಕಂಬದ ಮೂಲಪುರುಷ ಯಾರೆಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಟೆನೆಸ್ಸೀ ರಾಜ್ಯದ ಮೆಂಫಿಸ್ ಊರಿನ ಪೀಟರ್ ಲುನಾಟಿ. ಕ್ಷೌರದಂಗಡಿಯ ಕುರ್ಚಿ ಕಾಲೊತ್ತಿದರೆ ಏರುವುದನ್ನೂ ದೂಡಿದರೆ ತಿರುಗುವುದನ್ನೂ ನೋಡಿ, ಮನುಷ್ಯನನ್ನು ಎತ್ತುವುದು ಕಾರನ್ನು ಯಾಕೆ ಎತ್ತಬಾರದು ಅಂದುಕೊಂಡನಂತೆ. 1925ರಲ್ಲಿ ಅವನ ಹೈಡ್ರಾಲಿಕ್ ಲಿಫ್ಟು ಬಂತು. ತಿರುಗುತ್ತದೆ ಎಂಬ ಕಾರಣಕ್ಕೇ ಕಂಪನಿಗೆ ರೋಟರಿ ಎಂಬ ಹೆಸರಾಯಿತು. ಅಲ್ಲಿಯವರೆಗೆ ಮೆಕ್ಯಾನಿಕ್ಕುಗಳಿಗೆ ಇದ್ದದ್ದು ಗುಂಡಿ ಅಥವಾ ಮರದ ಇಳಿಜಾರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಗುಂಡಿಯ ತಳದಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿಗೆ ಕಾಯುತ್ತ. ಹಾಗಾಗಿ ಲುನಾಟಿ ಎತ್ತಿದ್ದು ಕಾರನ್ನಷ್ಟೇ ಅಲ್ಲ, ಮನುಷ್ಯನನ್ನೂ ಗುಂಡಿಯಿಂದ ಎತ್ತಿದ. ನಮ್ಮ ತಿಪಟೂರಿನ ಕ್ಷೌರದಂಗಡಿಯ ಕುರ್ಚಿಯಾದರೋ ಏರುತ್ತಲೂ ಇರಲಿಲ್ಲ, ತಿರುಗುತ್ತಲೂ ಇರಲಿಲ್ಲ. ಮಕ್ಕಳು ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಅದರ ಮೇಲೆ ಕೂರಿಸುತ್ತಿದ್ದರು. ಲುನಾಟಿ ನಮ್ಮೂರಿನಲ್ಲಿ ಹುಟ್ಟಿದ್ದರೆ ಬಹುಶಃ ದಿಮ್ಮಿಯನ್ನೇ ಕಂಡುಹಿಡಿಯುತ್ತಿದ್ದ.

ಸಾಮಾನ್ಯ ಮನೆಯ ಗ್ಯಾರೇಜಿಗೆ ಕಂಬದ ಲಿಫ್ಟು ಹೊಂದುವುದಿಲ್ಲ. ಎರಡು ಕಂಬದ್ದಾದರೆ ಹನ್ನೊಂದು ಹನ್ನೆರಡು ಅಡಿ ಎತ್ತರದ ಸೂರು ಬೇಕು, ಬೋಲ್ಟು ಹಿಡಿಯುವಷ್ಟು ದಪ್ಪನೆಯ ಗಟ್ಟಿ ಕಾಂಕ್ರೀಟು ಬೇಕು. ನಮ್ಮ ಸೂರು ಒಂಬತ್ತಡಿ, ಕಾಂಕ್ರೀಟಿನ ಯೋಗ್ಯತೆ ಕಟ್ಟಿದವನಿಗೇ ಗೊತ್ತು. ಆದ್ದರಿಂದ ನಾನು ತರಿಸಿದ್ದು ಎತ್ತಿಡುವ ಜಾತಿಯದು. ಏಣಿಯನ್ನು ಉದ್ದಕ್ಕೆ ಸೀಳಿದಂಥ ಎರಡು ಉಕ್ಕಿನ ಚೌಕಟ್ಟು. ಮಲಗಿದಾಗ ಮೂರೇ ಅಂಗುಲ ಎತ್ತರ. ಕಾರಿನ ಎಡಕ್ಕೊಂದು ಬಲಕ್ಕೊಂದು ತೂರಿಸಿ, ನಾಲ್ಕು ರಬ್ಬರ್ ಇಟ್ಟಿಗೆ ಇಟ್ಟು, ಪುಟ್ಟ ಮೋಟಾರಿನಿಂದ ಎಣ್ಣೆ ಹಾಯಿಸಿದರೆ ಎರಡೂ ಒಟ್ಟಿಗೆ ಏಳುತ್ತವೆ. ಕೆಲಸ ಮುಗಿದ ಮೇಲೆ ಗೋಡೆಗೆ ನೇತುಹಾಕಬಹುದು ಎಂದು ಬರೆದಿದ್ದರು. ನೇತುಹಾಕುವ ಮನುಷ್ಯನನ್ನು ಪೆಟ್ಟಿಗೆಯಲ್ಲಿ ಇಟ್ಟಿರಲಿಲ್ಲ.

ಜೋಡಿಸುವಾಗ ಆದ ಅವಾಂತರಕ್ಕೆ ನಾನೇ ಹೊಣೆ, ಪೂರ್ತಿಯಾಗಿ. ಎಣ್ಣೆ ಹಾಯುವ ಕೊಳವೆಗಳ ಮೂತಿಯಲ್ಲಿ ಕೆಲವಕ್ಕೆ ರಬ್ಬರಿನ ಉಂಗುರವೇ ಬಿರಡೆ. ಅವಕ್ಕೆ ಬೇರೇನೂ ಸುತ್ತಬಾರದು. ನಾನು ನಲ್ಲಿಗೆ ನಾರು ಸುತ್ತುವುದನ್ನು ನೋಡುತ್ತ ಬೆಳೆದವನು. ಸುತ್ತದೆ ಬಿಗಿದರೆ ಮನಸ್ಸಿಗೆ ಸಮಾಧಾನವಿಲ್ಲ. ಎಲ್ಲದಕ್ಕೂ ಧಾರಾಳವಾಗಿ ಬಿಳಿ ಟೇಪು ಸುತ್ತಿದೆ. ಗುಂಡಿ ಒತ್ತಿದೆ. ಮೋಟಾರು ಗೊರಗುಟ್ಟಿತು, ಒಂದು ಚೌಕಟ್ಟು ಗೇಣು ಎದ್ದಿತು, ಇನ್ನೊಂದು ಮಲಗಿಯೇ ಇತ್ತು, ಕೊಳವೆಯ ಮೂತಿಯಿಂದ ಎಣ್ಣೆ ಚಿಮ್ಮಿತು. ಕೈಪಿಡಿಯ ಮಾತಿನಂತೆ ಗೇರ್ ಬಾಕ್ಸಿಗೆ ಹಾಕುವ ಎಣ್ಣೆಯನ್ನೇ ತುಂಬಿದ್ದೆ. ಅದರ ಬಣ್ಣ ಅಚ್ಚ ಕೆಂಪು. ಸದ್ದು ಕೇಳಿ ಬಂದ ನನ್ನಾಕೆ ನೆಲ, ಗೋಡೆ, ನನ್ನ ಮುಖ ಎಲ್ಲ ನೋಡಿ, "ಆರತಿ ಎತ್ತಿ ಒಳಗೆ ಕರ್ಕೊಳ್ಳೋಣ ಅಂತಿದ್ದೆ, ನೀವೇ ಎತ್ಕೊಂಡ್ರಾ?" ಅಂದಳು.

ನೆಲದ ಎಣ್ಣೆ ಹೀರಲು ಇಲ್ಲಿನವರು ಬೆಕ್ಕಿನ ಕಕ್ಕಸಿಗೆ ಹಾಕುವ ಮಣ್ಣನ್ನು ಚೆಲ್ಲುತ್ತಾರೆ. ಹೋಗಿ ಒಂದು ಮೂಟೆ ತಂದೆ. ಅಂಗಡಿಯ ಹೆಂಗಸು ಎಷ್ಟು ಬೆಕ್ಕು ಸಾಕಿದ್ದೀರಿ ಎಂದು ಅಕ್ಕರೆಯಿಂದ ಕೇಳಿದಳು. ಒಂದು ಅಂದೆ. ಎಷ್ಟು ತೂಕ ಅಂದರೆ ಏನು ಹೇಳುವುದೆಂದು ಹೆದರಿದ್ದೆ, ಕೇಳಲಿಲ್ಲ.

ಟೇಪು ಬಿಚ್ಚಿ, ಉಂಗುರಗಳನ್ನು ಒರೆಸಿ ಮತ್ತೆ ಕೂರಿಸಿದೆ. ಕೊಳವೆಯೊಳಗೆ ಸಿಕ್ಕಿಕೊಂಡ ಗಾಳಿ ಹೋಗುವವರೆಗೆ ಬರಿದೇ ಏರಿಸಿ ಇಳಿಸಿದೆ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಇದರ ಮರ್ಮವೆಲ್ಲ ಇಷ್ಟೇ. ಒಂದು ಕಡೆ ಕಿರುಬೆರಳ ಗಾತ್ರದ ನಳಿಗೆಯಲ್ಲಿ ಒತ್ತಿದ ಒತ್ತಡ ಇನ್ನೊಂದು ಕಡೆಯ ದಪ್ಪ ನಳಿಗೆಯ ಪ್ರತಿ ಚದರಂಗುಲಕ್ಕೂ ಅಷ್ಟೇ ಬಲವಾಗಿ ತಾಗುತ್ತದೆ. ಫ್ರಾನ್ಸಿನ ಪ್ಯಾಸ್ಕಲ್ ಹದಿನೇಳನೇ ಶತಮಾನದಲ್ಲಿ ಕಂಡ ಈ ತತ್ವವನ್ನು ಕೆಲಸಕ್ಕೆ ಹಚ್ಚಿದವನು ಲಂಡನ್ನಿನ ಜೋಸೆಫ್ ಬ್ರಾಮಾ. ಅವನ ನೀರಿನ ಒತ್ತುಯಂತ್ರಕ್ಕೆ 1795ರಲ್ಲಿ ಪೇಟೆಂಟ್ ಸಿಕ್ಕಿತು. ನನಗೆ ಬ್ರಾಮಾ ಮೇಲೆ ಪ್ರೀತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ಆತ ಅದಕ್ಕೂ ಮೊದಲು ಹೆಸರು ಮಾಡಿದ್ದು ಬೀಗದಲ್ಲಿ. ಅವನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ನೇತಾಡುತ್ತಿತ್ತು, ಬೀಗದಕೈ ಇಲ್ಲದೆ ತೆಗೆದವರಿಗೆ 200 ಗಿನಿ ಎಂಬ ಪಂಥದೊಡನೆ. ಅವನು ಸತ್ತು ದಶಕಗಳಾದ ಮೇಲೆ, 1851ರಲ್ಲಿ, ಒಬ್ಬ ಅಮೆರಿಕನ್ ಬಂದು 16 ದಿನಗಳಲ್ಲಿ 50 ಗಂಟೆಗೂ ಹೆಚ್ಚು ತಿಣುಕಿ ಅದನ್ನು ತೆಗೆದ. ಅದೇ 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಎಂಬಾತ ಹೊತ್ತೊಯ್ಯಬಹುದಾದ ಹೈಡ್ರಾಲಿಕ್ ಜಾಕಿಗೆ ಪೇಟೆಂಟ್ ತೆಗೆದ. ನಮ್ಮ ಮೇಸ್ತ್ರಿ ಒತ್ತುತ್ತಿದ್ದ ಜಾಕಿಯ ಮುತ್ತಜ್ಜ ಅದು. ಒಂದೇ ತಲೆಯಲ್ಲಿ ಎತ್ತುವ ನೀರೂ ಹಿಡಿಯುವ ಬೀಗವೂ ಇದ್ದವು ಎಂಬುದು ಮೇಸ್ತ್ರಿಗೆ ಗೊತ್ತಿದ್ದರೆ, ಬ್ರಾಮಾನನ್ನು ಬುದ್ಧಿವಂತ ಎಂದು ಒಪ್ಪಿಕೊಳ್ಳುತ್ತಿದ್ದರು.

ಯಾಕೆಂದರೆ ಈ ಲಿಫ್ಟಿನ ಜೀವ ಇರುವುದು ಮೋಟಾರಿನಲ್ಲಲ್ಲ, ಬೀಗದಲ್ಲಿ. ಚೌಕಟ್ಟು ಏಳುತ್ತಿದ್ದಂತೆ ಒಳಗಿನ ಉಕ್ಕಿನ ಪಟ್ಟಿಯೊಂದು ಹಲ್ಲಿನಿಂದ ಹಲ್ಲಿಗೆ ಜಾರುತ್ತದೆ. ಎರಡು ಕಡೆಯಿಂದಲೂ 'ಟಣ್' ಎಂಬ ಸದ್ದು ಕೇಳಬೇಕು. ಆಮೇಲೆ ಎಣ್ಣೆಯನ್ನು ತುಸು ಹಿಂದಕ್ಕೆ ಬಿಟ್ಟು ಭಾರವನ್ನೆಲ್ಲ ಆ ಹಲ್ಲಿನ ಮೇಲೆ ಕೂರಿಸಬೇಕು. ಇಳಿಸಬೇಕಾದರೆ ಮೊದಲು ಒಂದಿಷ್ಟು ಏರಿಸಿ ಬೀಗದ ಭಾರ ತಪ್ಪಿಸಬೇಕು. ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಈ ಪುಟ ಓದುವಾಗ ನನಗೆ ಹುಣಸೆ ಮರದ ಕೆಳಗಿನ ಆ ಎರಡು ಪಾದಗಳು ಕಂಡವು. ಜಾಕಿಯನ್ನು ಒಂದು ಗೆಣ್ಣು ಸಡಿಲ ಬಿಡುವುದು ಇದೇ ತಾನೆ.

ಮೊದಲ ಸಲ ಕಾರು ಎತ್ತಿದ್ದು ಏಪ್ರಿಲ್‌ನಲ್ಲಿ. ಒಂದೂವರೆ ಟನ್ನಿನ ಟೊಯೊಟಾ ಕ್ಯಾಮ್ರಿ ಯಾವ ಆತಂಕವನ್ನೂ ತೋರದೆ ಎದ್ದಿತು. ಟಣ್, ಟಣ್. ಕೆಳಗೆ ಸರಿದು ಟಾರ್ಚು ಹಾಕಿದೆ. ಹನ್ನೆರಡು ವರ್ಷ ಮೇಲಿನಿಂದ ತೊಳೆದು ಮೆರೆಸಿದ ಕಾರಿನ ತಳ ಹಳೇ ಬಾವಿಯ ರಾಟೆಯ ಹಾಗಿತ್ತು. ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸುಮಾರು 1,100 ಅಡಿ ಆಳದಲ್ಲಿ, 1910ರಲ್ಲಿ ಶುರುವಾದ ಉಪ್ಪಿನ ಗಣಿಯಿದೆ. ಒಳಗಿನ ರಸ್ತೆಗಳೇ ನೂರು ಮೈಲಿ ಮೀರುತ್ತವೆ. ಹಿಮ ಬಿದ್ದರೆ ಆ ಉಪ್ಪನ್ನು ಮೇಲೆ ತಂದು ರಸ್ತೆಗೆ ಚೆಲ್ಲುತ್ತಾರೆ. ಊರಿನ ಮೇಲ್ಭಾಗದಲ್ಲಿ ಕಾರು ಮಾಡುತ್ತಾರೆ, ಕೆಳಭಾಗದಲ್ಲಿ ಅದನ್ನು ತಿನ್ನುವ ಉಪ್ಪು ತೆಗೆಯುತ್ತಾರೆ. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇರಲಾರದು. ಹಿಂಬದಿಯ ಬ್ರೇಕ್ ಪೈಪು ಹೊಪ್ಪಳೆ ಎದ್ದು ಹೋಗಿತ್ತು. ಉಗುರಿನಿಂದ ಕೆರೆದರೆ ಪದರ ಪದರವಾಗಿ ಉದುರಿತು. ಅದನ್ನು ಬದಲಿಸುವುದು ನನ್ನ ಕೈಲಾಗುವ ಕೆಲಸವಲ್ಲ, ತಿಳಿದವರ ಹತ್ತಿರ ಕಳಿಸಿ ಹೊಸದು ಹಾಕಿಸಿದೆ. ಆ ದಿನದಿಂದ ನನ್ನಾಕೆ ಒಂದೂವರೆ ಸಾವಿರದ ಸುದ್ದಿ ಎತ್ತಿಲ್ಲ. ಅಷ್ಟರಲ್ಲಿ ಅದು ಅವಳಿಗೆ ಗೊತ್ತಾಗಿತ್ತು.

ಪಕ್ಕದ ಮನೆಯವರು ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಲಿಫ್ಟು ನೋಡಲು ಬಂದರು, ಮೊಣಕಾಲೂರಿ ಬಗ್ಗಿ ನೋಡಿದರು. ಅಲ್ಲಿ ಕಾರುಗಳು ತಲೆಯ ಮೇಲಿನ ಹಳಿಯಲ್ಲಿ ತೇಲುತ್ತ ಬರುತ್ತಿದ್ದವಂತೆ. ಇವರು ಕೆಳಗೆ ನಿಂತು ಕೈ ಎತ್ತಿ ಬೋಲ್ಟು ಬಿಗಿಯುವುದು. "ಮೂವತ್ತು ವರ್ಷ ಕಾರಿನ ಹೊಟ್ಟೆ ಮಾತ್ರ ನೋಡಿದೆ, ಬಣ್ಣ ಯಾವುದು ಅಂತ ನೋಡಿದ್ದು ರಸ್ತೆಯಲ್ಲಿ" ಅಂದರು. ಅವರ ಹಿತ್ತಲಲ್ಲಿ ಬಿರುಗಾಳಿಗೆ ಉರುಳಿದ ಓಕ್ ಮರವೊಂದಿತ್ತು. ಅದರಿಂದ ಒಂದೂವರೆ ಅಡಿಯ ಎರಡು ತುಂಡು ಕೊಯ್ದುಕೊಡಿ ಎಂದು ಕೇಳಿದೆ. ಯಾಕೆಂದು ಕೇಳಿದರು. ಮೇಸ್ತ್ರಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅಷ್ಟೇನೂ ಚೆನ್ನಾಗಿ ಬರಲಿಲ್ಲ.

ಬೀಗ ಬಿದ್ದ ಮೇಲೂ ಆ ಎರಡು ದಿಮ್ಮಿಗಳನ್ನು ಒದ್ದು ಕೆಳಗೆ ಸೇರಿಸಿಯೇ ನಾನು ಒಳಗೆ ಹೋಗುವುದು. ಕೈಪಿಡಿಯಲ್ಲಿ ಹಾಗೆಂದು ಎಲ್ಲೂ ಬರೆದಿಲ್ಲ. ಪಕ್ಕದ ಮನೆಯವರು ಈಗ ತಿಂಗಳಿಗೊಮ್ಮೆಯಾದರೂ ಲಿಫ್ಟು ಕೇಳಿ ಒಯ್ಯುತ್ತಾರೆ. ದಿಮ್ಮಿಗಳನ್ನು ಮೊದಲು ಒಯ್ಯುತ್ತಾರೆ.