ತಳ್ಳುವ ಬಾಗಿಲು, ಎಳೆಯುವ ಬಾಗಿಲು

ಶಾಲಾ ವಾರ್ಷಿಕೋತ್ಸವಕ್ಕೆ ಬಟ್ಟೆ ತರಲು ಮೊನ್ನೆ ನಾವು ಇಬ್ಬರು ಶಿಕ್ಷಕರು, ಐದು ಮಕ್ಕಳು ಧರ್ಮಪುರಿ ಪೇಟೆಗೆ ಹೋಗಿದ್ದೆವು. ಜವಳಿ ಅಂಗಡಿಯ ಗಾಜಿನ ಬಾಗಿಲ ಮೇಲೆ ತಮಿಳಿನಲ್ಲಿ 'ತಳ್ಳು' ಎಂದು ಬರೆದಿತ್ತು. ಏಳನೇ ತರಗತಿಯ ಹುಡುಗಿ ಓದಿ ನಕ್ಕಳು. "ಸಾರ್, ಇದು ಕನ್ನಡಾನೇ ಅಲ್ವಾ!"

ಹೌದಲ್ಲ! ಬಾಗಿಲಿನ ಒಳಬದಿಯಲ್ಲಿ 'ಇೞು' ಎಂದಿತ್ತು. ಅದು ನಮ್ಮ 'ಎಳೆ'ಗೆ ನೆಂಟ. ಹಳಗನ್ನಡದಲ್ಲಿ ನಾವೂ 'ಎೞೆ' ಎನ್ನುತ್ತಿದ್ದೆವು. ಆ ೞ ತಮಿಳಿನಲ್ಲಿ ಉಳಿಯಿತು, ನಮ್ಮಲ್ಲಿ ಅಳಿಯಿತು.

ಭಾಷೆಯ ಪಾಠ ಅಲ್ಲಿಗೆ ಮುಗಿಯಿತು. ಬಾಗಿಲಿನ ಪಾಠ ಮಾತ್ರ ಮನಸ್ಸಿನಲ್ಲೇ ಉಳಿಯಿತು. ತಳ್ಳಿ ಒಳಗೆ ಹೋಗಬೇಕು, ಎಳೆದು ಹೊರಗೆ ಬರಬೇಕು. ಇದು ತಲೆಕೆಳಗು ಅಲ್ಲವೇ? ಒಬ್ಬರಿಗಾದರೆ ಎರಡೂ ಒಂದೇ. ಆದರೆ ನೂರು ಜನ ಒಮ್ಮೆಲೇ ಓಡಿಬಂದರೆ ಮುಂದಿನವರು ಬಾಗಿಲಿಗೆ ಒತ್ತಿಹೋಗುತ್ತಾರೆ. ಎಳೆಯಲು ಒಂದು ಅಡಿ ಜಾಗವೂ ಇರುವುದಿಲ್ಲ.

1883ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರಿನ ವಿಕ್ಟೋರಿಯಾ ಹಾಲ್‌ನಲ್ಲಿ 183 ಮಕ್ಕಳು ಸತ್ತರು. ಬೆಂಕಿ ಬಿದ್ದಿರಲಿಲ್ಲ. ಬಹುಮಾನ ಕೊಡುತ್ತಾರೆಂದು ಮಕ್ಕಳು ಮೆಟ್ಟಿಲಿಳಿದು ಓಡಿಬಂದರು. ಕೆಳಗಿನ ಬಾಗಿಲಿಗೆ ಒಬ್ಬರಷ್ಟೇ ನುಸುಳುವಂತೆ ಚಿಲಕ ಹಾಕಿತ್ತು, ಅಷ್ಟೇ. ಇಂದು ಸಿನಿಮಾ ಮಂದಿರ, ಮಾಲ್‌ಗಳಲ್ಲಿ ಬಾಗಿಲಿಗೆ ಅಡ್ಡಲಾಗಿ ಕಾಣುವ ಕಂಬಿ ಇಂಥ ಸಾವುಗಳಿಂದ ಹುಟ್ಟಿದ್ದು. ಮೈಭಾರ ಬಿದ್ದರೆ ಸಾಕು, ಚಿಲಕ ಬಿಚ್ಚಿಕೊಂಡು ಬಾಗಿಲು ಹೊರಕ್ಕೆ ತೆರೆಯುತ್ತದೆ.

ನಮ್ಮ ದೇಶದಲ್ಲೂ ಕಲಿಯಬೇಕಾದದ್ದು ಕಡಿಮೆಯಿಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬಾಲ್ಕನಿಯಲ್ಲಿ ಹೆಚ್ಚುವರಿ ಕುರ್ಚಿ ಹಾಕಿ ಹೊರದಾರಿ ಮುಚ್ಚಿದ್ದರು. 2004ರ ಜುಲೈ 16ರಂದು ನಮ್ಮದೇ ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಬೆಂಕಿಗೆ ಸಿಕ್ಕಿ 94 ಮಕ್ಕಳು ತೀರಿಕೊಂಡರು. ಮೇಷ್ಟ್ರಾದವರು ಆ ದಿನವನ್ನು ಮರೆಯಲಾದೀತೆ?

ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಸರಳ. ನಿರ್ಗಮನದ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗಿನಿಂದ ತೆರೆಯಲು ಕೀಲಿಕೈ ಬೇಕಾಗಬಾರದು. ಅಗಲ ಕನಿಷ್ಠ 1 ಮೀಟರ್, ಜನ ಸೇರುವ ಸಭಾಂಗಣಗಳಲ್ಲಿ 2 ಮೀಟರ್.

ಆ ಅಂಗಡಿಯ ಎರಡನೇ ಮಹಡಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲಸಕ್ಕಿದ್ದಾಳೆ. ಅವಳ ಬೆನ್ನ ಹಿಂದಿನ ಬಾಗಿಲಿಗೆ ಬೀಗ, ಮುಂದೆ ಬಟ್ಟೆಯ ಗಂಟುಗಳ ರಾಶಿ. ಕೇಳಿದೆವು. "ಕಳ್ತನ ಜಾಸ್ತಿ ಸಾರ್, ಕೀ ಮೊದಲಾಳಿ ಹತ್ರ ಇದೆ" ಎಂದರು ಅಲ್ಲಿದ್ದವರು. ಅವಳು ತಲೆ ತಗ್ಗಿಸಿದಳು. ಅವಳ ಕೆಲಸಕ್ಕೆ ಸಂಚಕಾರ ಬಂದೀತೆಂದು ನಾವು ಸುಮ್ಮನೆ ಬಂದೆವು.

ಬಸ್ಸಿನಲ್ಲಿ ಅದೇ ಏಳನೇ ತರಗತಿಯ ಹುಡುಗಿ ಕೇಳಿದಳು. "ಸಾರ್, ನಮ್ ಸ್ಕೂಲ್ ಹಾಲ್‌ನಲ್ಲೂ ಪಕ್ಕದ ಬಾಗ್ಲಿಗೆ ಬೀಗ ಇದೆಯಲ್ಲ?"

ನಮ್ಮಲ್ಲಿ ಉತ್ತರವಿರಲಿಲ್ಲ. ಮುರಿದ ಬೆಂಚುಗಳನ್ನು ಅಲ್ಲಿ ಪೇರಿಸಿಟ್ಟವರು ನಾವೇ.

ಮರುದಿನ ಬೆಂಚು ಸರಿಸಿದೆವು, ಬೀಗ ತೆಗೆದೆವು. ಮುಂಬಾಗಿಲು ಇನ್ನೂ ಒಳಕ್ಕೇ ತೆರೆಯುತ್ತದೆ. ಅದನ್ನು ಬದಲಾಯಿಸಲು ಪೋಷಕರ ಸಭೆಯಲ್ಲಿ ಕೇಳಿದ್ದೇವೆ. ಅಲ್ಲಿಯವರೆಗೆ ಕಾರ್ಯಕ್ರಮದ ದಿನ ಎರಡೂ ಕದಗಳನ್ನು ತೆರೆದು ಹಗ್ಗದಲ್ಲಿ ಕಟ್ಟಿಡುತ್ತೇವೆ.

ಬಟ್ಟೆಯ ಬಾಕಿ ಹಣ ಕೊಡಲು ಮುಂದಿನ ವಾರ ಮತ್ತೆ ಪೇಟೆಗೆ ಹೋಗಬೇಕು. ಈ ಸಲ ಮೊದಲಾಳಿಯನ್ನೇ ಕಂಡು ಮಾತಾಡುತ್ತೇವೆ. ನಮ್ಮ ಬೀಗ ತೆಗೆದಾಯಿತಲ್ಲ, ಇನ್ನು ಕೇಳಲು ಬಾಯಿ ಬರುತ್ತದೆ.