ಶ್ರೋತೃ ಕುಳಿತ ಜಾಗದಿಂದ

ಸಂಗೀತ ಕಛೇರಿ ನಡೆಯುತ್ತಿರುವಾಗ ಕಲಾವಿದರ ಅಥವಾ ರೆಕಾರ್ಡು ಕಂಪನಿಯ ಅಧಿಕೃತ ವ್ಯವಸ್ಥೆಗೆ ಹೊರತಾಗಿ ಮಾಡಿಕೊಂಡ ಧ್ವನಿಮುದ್ರಣವನ್ನು ಬೂಟ್‌ಲೆಗ್ ಎಂದು ಕರೆಯುವುದು ರೂಢಿ. ಸ್ಟುಡಿಯೋದಲ್ಲಿ ಸಿದ್ಧವಾದ ಧ್ವನಿಮುದ್ರಿಕೆ ಗಾಯಕನ ಕಂಠವನ್ನು ಆದಷ್ಟು ಶುದ್ಧವಾಗಿ ಒಪ್ಪಿಸುತ್ತದೆ. ಬೂಟ್‌ಲೆಗ್ ಆದರೋ, ಆ ಕಂಠ ಒಂದು ರಾತ್ರಿ ಒಂದು ಸಭಾಂಗಣದ ಗೋಡೆಗಳ ನಡುವೆ ಹಾದು ಒಬ್ಬ ಶ್ರೋತೃ ಕುಳಿತ ಜಾಗವನ್ನು ಹೇಗೆ ಮುಟ್ಟಿತು ಎಂಬುದನ್ನು ದಾಖಲಿಸುತ್ತದೆ. ಅದರ ದೋಷಗಳೆಲ್ಲ ಹುಟ್ಟುವುದೂ, ರಸಿಕರಿಗೆ ಅದರ ಮೇಲೆ ತೀರದ ಮೋಹ ಬೆಳೆಯುವುದೂ ಇದೊಂದೇ ಕಾರಣದಿಂದ.

ಈ ಪರಂಪರೆಯ ಆರಂಭದಲ್ಲಿ ನಿಲ್ಲುವವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾದ ಗ್ರಂಥಪಾಲಕ ಲಯೊನೆಲ್ ಮೇಪಲ್‌ಸನ್. 1901ರಿಂದ 1903ರವರೆಗೆ ಅವರು ಎಡಿಸನ್ ಫೋನೋಗ್ರಾಫನ್ನು ಮೊದಲು ಪ್ರಾಂಪ್ಟರನ ಗೂಡಿನಲ್ಲಿಯೂ ಬಳಿಕ ರಂಗದ ಮೇಲೆ ಎತ್ತರದಲ್ಲಿದ್ದ ಅಟ್ಟದ ದಾರಿಯಲ್ಲಿಯೂ ಇಟ್ಟು, ದೊಡ್ಡ ಕೊಂಬನ್ನು ಗಾಯಕರತ್ತ ತಿರುಗಿಸಿ, ಎರಡು ನಿಮಿಷದಷ್ಟು ತುಣುಕುಗಳನ್ನು ಮೇಣದ ಉರುಳೆಗಳಲ್ಲಿ ಹಿಡಿದರು. ಅವುಗಳ ಮೇಲೆ ಸರಸರ ಸದ್ದು ದಟ್ಟವಾಗಿ ಕವಿದಿದೆ. ಆದರೂ ಪೋಲೆಂಡಿನ ಮಹಾಗಾಯಕ ಜಾನ್ ದ ರೆಸ್ಕೆಯ ಧ್ವನಿ ಇಂದಿಗೆ ಉಳಿದಿರುವುದು ಆ ಉರುಳೆಗಳಲ್ಲಿ ಮಾತ್ರ.

ಈ ಕಲೆ ಪೂರ್ಣವಾಗಿ ಬಲಿತದ್ದು ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಶ್ರೋತೃಗಳ ಕೈಯಲ್ಲಿ. ಟೇಪರ್‌ಗಳೆಂದು ಹೆಸರಾದ ಇವರು ಎತ್ತರದ ಕೋಲಿನ ತುದಿಗೆ ಎರಡು ಕಾರ್ಡಿಯಾಯ್ಡ್ ಮೈಕುಗಳನ್ನು, ಎಂದರೆ ಎದುರಿನ ಧ್ವನಿಯನ್ನು ಹೆಚ್ಚಾಗಿಯೂ ಬೆನ್ನ ಹಿಂದಿನದನ್ನು ಕಡಿಮೆಯಾಗಿಯೂ ಹಿಡಿಯುವ ಮೈಕುಗಳನ್ನು, ಕಟ್ಟಿ ಜನರ ತಲೆಗಳಿಂದ ಮೇಲಕ್ಕೆ ನಿಲ್ಲಿಸುತ್ತಿದ್ದರು. ಫ್ರಾನ್ಸಿನ ಆಕಾಶವಾಣಿಯಲ್ಲಿ ರೂಪುಗೊಂಡ ಓಆರ್‌ಟಿಎಫ್ ಕ್ರಮದಲ್ಲಿ ಈ ಮೈಕುಗಳ ನಡುವಿನ ಅಂತರ 17 ಸೆಂಟಿಮೀಟರು, ಅವು ಒಂದಕ್ಕೊಂದು ತೆರೆದುಕೊಳ್ಳುವ ಕೋನ 110 ಡಿಗ್ರಿ. ಮನುಷ್ಯನ ಎರಡು ಕಿವಿಗಳ ಅಂತರಕ್ಕೆ ಇದು ಸಮೀಪವಾದುದರಿಂದ, ಎಡಬಲದ ವಾದ್ಯಗಳು ಸದ್ದಿನ ಹೆಚ್ಚುಕಡಿಮೆಯಿಂದಷ್ಟೇ ಅಲ್ಲದೆ ಬಂದು ಮುಟ್ಟುವ ಸಮಯದ ಸೂಕ್ಷ್ಮ ವ್ಯತ್ಯಾಸದಿಂದಲೂ ಬೇರೆಬೇರೆಯಾಗಿ ಕೇಳಿಸುತ್ತವೆ.

ಆದರೂ ಮೈಕು ಕಿವಿಯಲ್ಲ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದಾದ್ದರಿಂದ 30 ಮೀಟರು ದೂರದ ಆಸನಕ್ಕೆ ನೇರ ಸ್ವರ ಬರಲು ಸೆಕೆಂಡಿನ ಹನ್ನೊಂದರಲ್ಲಿ ಒಂದು ಪಾಲಿನಷ್ಟು ಹೊತ್ತು ಹಿಡಿಯುತ್ತದೆ. ಅದರ ಹಿಂದೆಯೇ ಛಾವಣಿ, ಗೋಡೆ, ಬಾಲ್ಕನಿಗಳಿಗೆ ತಾಗಿ ಮರಳಿದ ನೂರಾರು ಪ್ರತಿಧ್ವನಿಗಳು ಬಂದು ಕೂಡಿಕೊಳ್ಳುತ್ತವೆ. ಸಭೆಯಲ್ಲಿ ಕುಳಿತವನ ಮನಸ್ಸು ಈ ಗೊಂದಲವನ್ನೂ ಪಕ್ಕದವರ ಮಾತನ್ನೂ ತಾನಾಗಿಯೇ ಹಿಂದಕ್ಕೆ ಸರಿಸಿ ಹಾಡನ್ನು ಆರಿಸಿಕೊಳ್ಳುತ್ತದೆ, ಮೈಕಿಗೆ ಆ ವಿವೇಕವಿಲ್ಲ. ಹೀಗಾಗಿ ಒಂದೇ ಆಸನದಿಂದ ಕಿವಿಗೆ ಹತ್ತಿರವೆನಿಸಿದ ಸಂಗೀತ ಟೇಪಿನಲ್ಲಿ ದೂರದ್ದೆನಿಸುತ್ತದೆ, ಮಂದ್ರದ ಸದ್ದು ಊದಿಕೊಳ್ಳುತ್ತದೆ. ಟೇಪರ್‌ಗಳು ಮುಂದಿನ ಜಾಗಕ್ಕಾಗಿ ಹಂಬಲಿಸುತ್ತಿದ್ದುದು ಇದರಿಂದಲೇ. ಮೈಕಿನ ಕೋಲುಗಳು ಧ್ವನಿ ಎಂಜಿನಿಯರನ ನೋಟಕ್ಕೆ ಅಡ್ಡಿಯಾಗುವಷ್ಟು ಹೆಚ್ಚಿದಾಗ, 1984ರ ಅಕ್ಟೋಬರಿನಲ್ಲಿ ಬರ್ಕ್‌ಲಿಯ ಕಛೇರಿಯಿಂದ ಮೊದಲ್ಗೊಂಡು, ತಂಡವೇ ಅವರಿಗೆ ವಾದ್ಯ, ಕಂಠಗಳ ಸದ್ದನ್ನು ಹೊಂದಿಸುವ ಮಿಕ್ಸರಿನ ಹಿಂದೆ ಪ್ರತ್ಯೇಕ ಸ್ಥಳ ಕೊಟ್ಟಿತು. ಟೇಪುಗಳನ್ನು ಹಂಚಿಕೊಳ್ಳಬಹುದು, ಮಾರಕೂಡದು ಎಂಬುದೊಂದೇ ಕಟ್ಟಳೆ. ಸಂಗೀತಪ್ರೇಮದ ಇತಿಹಾಸದಲ್ಲಿ ಇಷ್ಟು ಉದಾರವಾದ ಒಡಂಬಡಿಕೆ ವಿರಳ.

ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷಕ್ಕೆ ಮುಗಿಯುತ್ತದೆ. ಡೆಡ್ ತಂಡದ ಹಾಡುಗಳೋ ನಿಲುಗಡೆಯಿಲ್ಲದೆ ಒಂದರೊಳಗೊಂದು ಹರಿಯುವಂಥವು. ಬಲ್ಲ ಟೇಪರ್ ಸುರುಳಿಯಲ್ಲಿ ಉಳಿದ ಟೇಪನ್ನು ಅರೆಬೆಳಕಿನಲ್ಲಿ ಕಣ್ಣಳತೆಯಿಂದಲೇ ಅಳೆದು, ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಗಿಟಾರಿನ ಪಲುಕು ಸಡಿಲಗೊಳ್ಳುವುದನ್ನೇ ಕಾಯುತ್ತಾನೆ; ಕ್ಯಾಸೆಟ್ಟನ್ನು ತೆಗೆದು, ತಿರುವಿ, ಮತ್ತೆ ಒತ್ತುವಷ್ಟರಲ್ಲಿ ಕೆಲವು ಸೆಕೆಂಡುಗಳ ಸಂಗೀತ ಕೈಬಿಟ್ಟಿರುತ್ತದೆ. ಆ ಕೊರತೆಯನ್ನು ಅದೇ ರಾತ್ರಿ ಬೇರೆಡೆ ನಿಂತಿದ್ದವನ ಟೇಪಿನಿಂದ ತೇಪೆ ಹಾಕಿ ತುಂಬಿದ ಪ್ರತಿಗಳಲ್ಲಿ ಸಭಾಂಗಣವೇ ಹಠಾತ್ತನೆ ಜಾಗ ಬದಲಿಸಿದಂತೆ ಕೇಳಿಸುತ್ತದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಂತೆಲ್ಲ ಟೇಪಿನ ಹಿಸ್ಸೆನ್ನುವ ಸದ್ದು ಸೇರುತ್ತ ಹೋಗುವುದರಿಂದ, ಮೂಲದಿಂದ ಎಷ್ಟನೆಯ ತಲೆಮಾರಿನ ಪ್ರತಿ ಎಂಬುದೂ ಸಂಗ್ರಾಹಕರಿಗೆ ಮುಖ್ಯ.

ಮಿಕ್ಸರಿನಿಂದಲೇ ತಂತಿ ಎಳೆದು ಮಾಡಿದ ಮುದ್ರಣಕ್ಕೆ ಸೌಂಡ್‌ಬೋರ್ಡ್ ಎಂದು ಹೆಸರು. ಇದರಲ್ಲಿ ಪ್ರತಿಯೊಂದು ಸ್ವರವೂ ನಿಚ್ಚಳ, ಆದರೆ ಸಮತೋಲ ಹಲವೊಮ್ಮೆ ವಿಚಿತ್ರ: ಚಿಕ್ಕ ಸಭಾಂಗಣದಲ್ಲಿ ಗಿಟಾರಿನ ಆಂಪ್ಲಿಫೈಯರು ತಾನೇ ಗಟ್ಟಿಯಾಗಿ ಮೊಳಗುತ್ತಿರುವಾಗ ಮಿಕ್ಸರಿನಲ್ಲಿ ಅದನ್ನು ತಗ್ಗಿಸಿ ಕಂಠವನ್ನು ಏರಿಸಿರುತ್ತಾರೆ, ಟೇಪಿಗೆ ಇಳಿಯುವುದು ಆ ಏರುಪೇರು. ಜನರ ಉಸಿರೂ ಅಲ್ಲಿ ಬಹುಮಟ್ಟಿಗೆ ಇಲ್ಲ. ಎರಡನ್ನೂ ಬೆರೆಸಿದ ಮ್ಯಾಟ್ರಿಕ್ಸ್ ಎಂಬ ಕ್ರಮದಲ್ಲಿ, ಮೈಕಿಗೆ ತಡವಾಗಿ ಮುಟ್ಟಿದ ಧ್ವನಿಯೊಡನೆ ಹೊಂದಿಸಲು ಮಿಕ್ಸರಿನ ಧ್ವನಿಯನ್ನು ಅಷ್ಟೇ ತಡಮಾಡಬೇಕಾಗುತ್ತದೆ.

1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲಿನಲ್ಲಿ ಡೆಡ್ ನುಡಿಸಿದ್ದನ್ನು ತಂಡದ ಧ್ವನಿಮುದ್ರಣ ಎಂಜಿನಿಯರ್ ಬೆಟ್ಟಿ ಕ್ಯಾಂಟರ್ ಜ್ಯಾಕ್ಸನ್ ಮುದ್ರಿಸಿದರು. ಅಪಾರ ಸ್ಪಷ್ಟತೆಯ ಆ ಟೇಪು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯ 2011ರ ಆಯ್ಕೆಗಳಲ್ಲಿ ಸೇರಿತು. ಅದೇ ಸಂಜೆಯನ್ನು ಜನರ ನಡುವಿನಿಂದ ಹಿಡಿದ ಟೇಪುಗಳೂ ಇವೆ. ಮೊದಲನೆಯದರಲ್ಲಿ ವಾದ್ಯಗಳ ಪರಸ್ಪರ ಸಂವಾದ ಎಳೆಎಳೆಯಾಗಿ ಕೇಳುತ್ತದೆ. ಆ ಸಂವಾದಕ್ಕೆ ಸಭೆ ಎಲ್ಲಿ ಮೈಮರೆತಿತು, ಎಲ್ಲಿ ಭೋರ್ಗರೆಯಿತು ಎಂಬುದನ್ನು ತಿಳಿಯಬೇಕಾದರೆ ಎರಡನೆಯದಕ್ಕೇ ಹೋಗಬೇಕು.